ಕೊಟ್ಟ ಹೆಣ್ಣು ದೇಶಕ್ಕೂ ಹೊರಗೇ?

'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಈಗ ತಾಳಿ ಕಟ್ಟಿಸಿ ವಿಮಾನ ಹತ್ತಿಸುವ ಕಾಲ. ಕೊಟ್ಟ ಹೆಣ್ಣು ಕುಲಕ್ಕಷ್ಟೇ ಅಲ್ಲ, ದೇಶಕ್ಕೂ ಹೊರಗೇ ಎಂದು ಕೇಳಬೇಕಾಗಿ ಬಂದಿದೆ.

ನನ್ನ ಕೈಯಲ್ಲಿ ಓದಿದ ಹುಡುಗಿಯೊಬ್ಬಳ ಕಥೆ ಹೇಳುತ್ತೇನೆ. ಕನ್ನಡ ಮಾಧ್ಯಮದ ಜಾಣೆ. ಬಿ.ಎ. ಮುಗಿಯುವಷ್ಟರಲ್ಲಿ ಅಮೆರಿಕದ ಇಂಜಿನಿಯರ್ ವರ ಸಿಕ್ಕ. ಅಪ್ಪ ಎರಡು ಎಕರೆ ತೋಟ ಮಾರಿ ಚಿನ್ನ, ನಗದು ಎರಡನ್ನೂ ಕೊಟ್ಟರು. ಅಲ್ಲಿಗೆ ಹೋದ ಮೂರನೇ ತಿಂಗಳಿಗೆ ಹೊಡೆತ ಶುರುವಾಯಿತು. ಅವಳ ಪಾಸ್‌ಪೋರ್ಟ್ ಗಂಡನ ಬೀರುವಿನಲ್ಲಿ. ಅವಳ ಎಚ್-4 ವೀಸಾ ಗಂಡನ ವೀಸಾಕ್ಕೆ ಕಟ್ಟಿದ ಬಾಲ. ಕೈಯಲ್ಲಿ ಕಾಸಿಲ್ಲ. ತವರಿಗೆ ಫೋನ್ ಮಾಡಿದರೆ 'ಹೊಂದಿಕೊಂಡು ಹೋಗಮ್ಮ' ಎಂಬ ಉತ್ತರ. ಧೈರ್ಯ ಮಾಡಿ ಅಲ್ಲಿನ ನಮ್ಮ ಸರ್ಕಾರದ ಕಚೇರಿಯೊಂದಕ್ಕೆ ಫೋನ್ ಮಾಡಿದಳು. ಇಂಗ್ಲಿಷ್ ತಡವರಿಸಿತು. 'ಇದು ಗಂಡ ಹೆಂಡಿರ ವಿಷಯ' ಎಂದು ಫೋನ್ ಇಟ್ಟರು. ಕೊನೆಗೆ ಅವಳನ್ನು ಕಾಪಾಡಿದ್ದು ಕೂಗು ಕೇಳಿ 911ಕ್ಕೆ ಫೋನ್ ಮಾಡಿದ ಪಕ್ಕದ ಮನೆಯ ಮುದುಕಿ.

ಊರಿಗೆ ಮರಳಿದ ಮೇಲೆ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ಮೇಡಂ, ನನಗೂ ಸಹಾಯ ಇತ್ತಂತೆ. ಯಾಕೆ ಯಾರೂ ಹೇಳಲಿಲ್ಲ?"

ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ವಿಶ್ವಸಂಸ್ಥೆಯ ಅಂಗಗಳನ್ನು ಬಾಯಿಪಾಠ ಮಾಡಿಸಿದೆ. ರಾಯಭಾರ ಕಚೇರಿಯ ಬಾಗಿಲನ್ನು ಯಾವಾಗ ತಟ್ಟಬೇಕೆಂದು ಹೇಳಿಕೊಡಲಿಲ್ಲ. ಆ ಪ್ರಶ್ನೆಗೆ ನಾನೂ ತಲೆ ತಗ್ಗಿಸಬೇಕಾಯಿತು.

ಸಹಾಯ ಇಲ್ಲವೆಂದಲ್ಲ. ಪರದೇಶದಲ್ಲಿರುವ ಪ್ರಜೆಗಳಿಗೆ ನೆರವಾಗುವುದು ಕಾನ್ಸುಲೇಟಿನ ಕೆಲಸವೆಂದು 1963ರ ವಿಯೆನ್ನಾ ಒಪ್ಪಂದವೇ ಹೇಳುತ್ತದೆ. 2009ರಲ್ಲಿ ನಮ್ಮ ಸರ್ಕಾರ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಿತು. ಕಷ್ಟದಲ್ಲಿರುವವರಿಗೆ ತಾತ್ಕಾಲಿಕ ವಸತಿ, ಊರಿಗೆ ಮರಳುವ ಟಿಕೆಟ್ಟಿಗೆ ಅದರಲ್ಲಿ ಅವಕಾಶವಿದೆ. ಗಂಡ ಕೈಬಿಟ್ಟ ಹೆಣ್ಣಿನ ವಕೀಲರ ಖರ್ಚಿಗೆ 4,000 ಡಾಲರ್‌ವರೆಗೆ ಕೊಡಬಹುದೆಂದು 2017ರ ನಿಯಮ ಹೇಳಿತು. ಈ ಹಣ ಯಾರ ದಾನವೂ ಅಲ್ಲ. ಪಾಸ್‌ಪೋರ್ಟ್, ವೀಸಾ ಸೇವೆಗೆಂದು ಜನರಿಂದ ವಸೂಲಿ ಮಾಡಿದ್ದೇ ಅಲ್ಲಿಗೆ ಹೋಗುತ್ತದೆ. ಪಾಸ್‌ಪೋರ್ಟ್ ಕೈತಪ್ಪಿದವಳಿಗೆ ಭಾರತಕ್ಕೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಉಂಟು. ವಿದೇಶಾಂಗ ಸಚಿವಾಲಯದ 'ಮದದ್' ಎಂಬ ದೂರು ವ್ಯವಸ್ಥೆ 2015ರಲ್ಲಿ ಬಂತು. ಊರಲ್ಲಿರುವ ಮನೆಯವರೂ ಅದರಲ್ಲಿ ದೂರು ಕೊಡಬಹುದು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಯ ದೂರುಗಳಿಗೆಂದೇ ಒಂದು ಘಟಕವಿದೆ.

ಇದನ್ನೆಲ್ಲ ಕೇಳಿದವರು ಕೈ ಎತ್ತಿ ಎಂದು ನಮ್ಮ ಸಂಘದ ಸಭೆಯಲ್ಲಿ ಅಂದೆ. ಒಂದು ಕೈಯೂ ಏಳಲಿಲ್ಲ. ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವ ಹೆಂಗಸರು ಇವರು! ದಡ್ಡರು ಇವರಲ್ಲ. ತಲುಪಿಸದೇ ಇದ್ದವರು ತಪ್ಪಿತಸ್ಥರು.

ಬೆಂಗಳೂರಿಗೆ ಬಂದು ನೆಲೆಸಿದ ಇಂಗ್ಲಿಷ್ ಹೆಂಗಸಿನ ಪಾಡು ನೋಡಿ. ಅದೇ ಊರಿನಲ್ಲಿ ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ ಇದೆ. ಇಂಗ್ಲಿಷ್ ಬಲ್ಲ ವಕೀಲರ ಪಟ್ಟಿಯನ್ನು ಅವಳ ಸರ್ಕಾರವೇ ಪ್ರಕಟಿಸುತ್ತದೆ. ಬಲವಂತದ ಮದುವೆಗೆ ಸಿಕ್ಕಿಬಿದ್ದ ತನ್ನ ಪ್ರಜೆಗಳಿಗಾಗಿ ಬ್ರಿಟನ್ 2005ರಲ್ಲೇ ಪ್ರತ್ಯೇಕ ಘಟಕ ತೆರೆಯಿತು. ಅವರೆಲ್ಲ ಧರ್ಮರಾಯರೆಂದು ನಾನು ಹೇಳುತ್ತಿಲ್ಲ. ಆದರೆ ಪರದೇಶದಲ್ಲಿ ಅವಳ ಭಾಷೆಯಲ್ಲೇ ಅವಳಿಗೆ ದಾರಿ ತೋರಿಸಬೇಕೆಂಬಷ್ಟನ್ನು ಅವರು ಒಪ್ಪಿದ್ದಾರೆ. ನಮ್ಮ ಹೆಣ್ಣುಮಕ್ಕಳಿಗೆ ಕನ್ನಡ ಬಲ್ಲ ವಕೀಲರ ಪಟ್ಟಿ ಯಾಕೆ ಬೇಡ?

'ಸಂಸಾರ ಗುಟ್ಟು, ವ್ಯಾಧಿ ರಟ್ಟು. ಗಂಡ ಹೆಂಡಿರ ನಡುವೆ ಸರ್ಕಾರ ಯಾಕೆ?' ಎನ್ನುವವರಿದ್ದಾರೆ. ಕಾನ್ಸುಲೇಟಿನವರು ಮನೆಗೆ ನುಗ್ಗಿ ಗಂಡನನ್ನು ಹಿಡಿಯಲಾರರು, ಒಪ್ಪುತ್ತೇನೆ. ಅದು ಆ ದೇಶದ ಪೊಲೀಸರ ಕೆಲಸ. ಆದರೆ 'ಮೊದಲು 911ಕ್ಕೆ ಫೋನ್ ಮಾಡಮ್ಮ, ಆಮೇಲೆ ಈ ವಕೀಲರನ್ನು ಕಾಣು' ಎಂದು ಹೇಳಲು ಯಾವ ಕಾನೂನು ಅಡ್ಡ ಬರುತ್ತದೆ? ಹೊಡೆತ ಸಂಸಾರದ ಗುಟ್ಟಲ್ಲ, ಅಪರಾಧ.

ಕಾನೂನು ಮಾಡುವವರ ಆಮೆ ನಡಿಗೆಯನ್ನೂ ನೋಡಿ. ಇಂಥ ಮದುವೆಗಳಲ್ಲಿ ಹೆಣ್ಣಿಗೆ ರಕ್ಷಣೆ ಕೊಡುವ ಕಾನೂನು ಬೇಕೆಂದು ಸುಪ್ರೀಂ ಕೋರ್ಟ್ 1994ರಲ್ಲೇ ಸೂಚಿಸಿತ್ತು. 25 ವರ್ಷ ಕಳೆದ ಮೇಲೆ, 2019ರಲ್ಲಿ, ರಾಜ್ಯಸಭೆಗೆ ಮಸೂದೆ ಬಂತು. ಅನಿವಾಸಿ ವರ 30 ದಿನದೊಳಗೆ ಮದುವೆ ನೋಂದಾಯಿಸದಿದ್ದರೆ ಅವನ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಬಹುದೆಂದು ಅದರಲ್ಲಿತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ ಕಾನೂನು ಆಯೋಗ, ಸಮಗ್ರ ಕಾನೂನು ಬೇಕೆಂದು ಮತ್ತೊಮ್ಮೆ ಬರೆಯಬೇಕಾಯಿತು. ವರದಿಗಳು ದಪ್ಪವಾಗುತ್ತವೆ, ಹೆಣ್ಣು ಕಾಯುತ್ತಲೇ ಇರುತ್ತಾಳೆ.

ಸಹೋದರಿಯರೇ, ನಾವು ಕೇಳಬೇಕಾದದ್ದು ಇಷ್ಟು. ಪಾಸ್‌ಪೋರ್ಟ್ ಕೊಡುವ ದಿನವೇ ಈ ಮಾಹಿತಿಯನ್ನು ಕನ್ನಡದಲ್ಲಿ ಹುಡುಗಿಯ ಕೈಗಿಡಿ. ಕಾನ್ಸುಲೇಟಿಗೆ ಫೋನ್ ಮಾಡಿದವಳಿಗೆ ಅವಳ ಭಾಷೆಯಲ್ಲಿ ಉತ್ತರಿಸಿ. ನಿಧಿಯ ಹಣವನ್ನು ಭಿಕ್ಷೆಯಂತಲ್ಲ, ಹಕ್ಕಿನಂತೆ ಕೊಡಿ.

ನಾವು ಮಾಡಬೇಕಾದದ್ದೂ ಇದೆ. ಮೊದಲನೆಯದು, ವರದಕ್ಷಿಣೆ ಕೊಡದಿರುವುದು. ತೋಟ ಮಾರಿ ಕೊಟ್ಟದ್ದು ಆ ಹುಡುಗಿಯ ಒಂದು ಏಟನ್ನೂ ತಪ್ಪಿಸಲಿಲ್ಲ. ಮದುವೆಯನ್ನು ನೋಂದಾಯಿಸಿ. ಮಗಳ ಪಾಸ್‌ಪೋರ್ಟ್, ವೀಸಾದ ನಕಲು, ಅಳಿಯನ ಮನೆ ಮತ್ತು ಕಚೇರಿಯ ವಿಳಾಸ ತಾಯಿಯ ಹತ್ತಿರ ಇರಲಿ. ಆ ದೇಶದ ಪೊಲೀಸರ ನಂಬರ್ ಮಗಳಿಗೆ ಬಾಯಿಪಾಠವಾಗಲಿ: ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999. ಮಗುವಿದ್ದರೆ ಅಲ್ಲಿನ ವಕೀಲರನ್ನು ಕೇಳದೆ ಕರೆದುಕೊಂಡು ಹೊರಡಬಾರದು. ತಾಯಿಯನ್ನೇ ಮಗು ಕದ್ದವಳೆಂದು ಅಲ್ಲಿನ ಕೋರ್ಟು ಹೇಳೀತು. ಹಿಂಸೆ ತಾಳದೆ ತವರಿಗೆ ಬಂದವಳು ತವರೂರಿನ ಠಾಣೆಯಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮಗಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ಮರೆಯದೆ ಇಡುತ್ತೇವೆ. ಅದರ ಜೊತೆ ಈ ಒಂದು ಹಾಳೆಯನ್ನೂ ಇಡೋಣ. ಅವಳ ಫೋನ್ ಬಂದಾಗ 'ಹೊಂದಿಕೊಂಡು ಹೋಗು' ಎನ್ನುವ ಬದಲು 'ಬಾ ಮಗಳೇ, ನಾವಿದ್ದೇವೆ' ಎನ್ನೋಣ.