ತಿಪ್ಪೆಗೆ ಸಲ್ಲದ್ದು ತೋರಣಕ್ಕೂ ಸಲ್ಲದು

ಹಬ್ಬ ಹತ್ತಿರವಾಯಿತೆಂದರೆ ಬೆಂಗಳೂರಿಗೆ ಹೋಗಿ ಬರುವ ನಮ್ಮ ಮಲೆನಾಡಿಗರ ಕೈಚೀಲದಲ್ಲಿ ಒಂದು ಸಾಮಾನು ತಪ್ಪದೆ ಕಾಣಿಸಿಕೊಳ್ಳತೊಡಗಿದೆ: ಬಾಡದ ಮಾವಿನೆಲೆಯ ತೋರಣ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಆಸುಪಾಸಿನ ಓಣಿಗಳಲ್ಲಿ ಅದು ಗೊಂಚಲು ಗೊಂಚಲಾಗಿ ತೂಗುತ್ತಿರುತ್ತದೆ. ಅಂಗಳದಲ್ಲೇ ಮಾವಿನ ಮರವಿರುವ ಮನೆಯ ಬಾಗಿಲಿಗೆ, ಮುನ್ನೂರು ಕಿಲೋಮೀಟರ್ ಆಚೆಯ ಪೇಟೆಯಿಂದ, ಕಲ್ಲೆಣ್ಣೆಯಿಂದ ಮಾಡಿದ ಮಾವಿನೆಲೆ ಬಂದು ಸೇರುತ್ತದೆ. ಈ ವಿಪರ್ಯಾಸ ಯಾರನ್ನೂ ಕಾಡದಿರುವುದೇ ನನ್ನನ್ನು ಈ ಲೇಖನಕ್ಕೆ ಪ್ರೇರೇಪಿಸಿತು.

ಮನೆಯನ್ನು ಚೆಂದಗಾಣಿಸುವ ಆಸೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಪರಿಸರದ ಮಾತಾಡುವವರೆಲ್ಲ ಸೌಂದರ್ಯದ ವೈರಿಗಳು ಎಂಬ ಅಪವಾದ ನಮ್ಮ ಮೇಲಿದೆ. ಅದಕ್ಕೆ ನಾವೇ ಎಡೆಮಾಡಿಕೊಟ್ಟಿದ್ದೇವೆ. ಸೆಗಣಿ ಸಾರಿಸಿದ ಅಂಗಳಕ್ಕೆ ರಂಗೋಲಿ ಎಳೆದವಳು, ಮಳೆಗಾಲದಲ್ಲಿ ಸೀತಾಳೆ ದಂಡೆ ಮುಡಿದವಳು, ಮದುವೆಯ ಚಪ್ಪರಕ್ಕೆ ಅಡಿಕೆಯ ಸಿಂಗಾರ ಕಟ್ಟಿದವನು, ಇವರೆಲ್ಲರೂ ಅಲಂಕಾರಪ್ರಿಯರೇ. ಪ್ರಶ್ನೆ ಇರುವುದು ಅಲಂಕಾರ ಬೇಕೇ ಬೇಡವೇ ಎಂಬುದರಲ್ಲಿ ಅಲ್ಲ. ಅದು ಎಲ್ಲಿಂದ ಬಂತು, ಹಬ್ಬ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ.

ಕೆಂಪೇಗೌಡರು 1537ರಲ್ಲಿ ಕಟ್ಟಿದರೆನ್ನಲಾಗುವ ಬೆಂಗಳೂರು ಪೇಟೆಯ ಬೀದಿಗಳ ಹೆಸರನ್ನೊಮ್ಮೆ ಗಮನಿಸಿ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಬಳೇಪೇಟೆ. ಒಂದೊಂದು ಹೆಸರೂ ಒಂದು ಬೆಳೆಯನ್ನೋ ಕಸುಬನ್ನೋ ಹೇಳುತ್ತದೆ. ಯಾವ ವಸ್ತು ಯಾವ ನೆಲದ್ದು, ಯಾರ ಕೈಯದ್ದು ಎಂಬುದು ಬೀದಿಗೆ ಕಾಲಿಟ್ಟೊಡನೆಯೇ ತಿಳಿಯುತ್ತಿತ್ತು. ಆ ಪೇಟೆಯ ಅಂಚಿನಲ್ಲಿ, ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ, 1928ರಲ್ಲಿ ಇಂದಿನ ಮಾರುಕಟ್ಟೆ ತಲೆಯೆತ್ತಿತು. ಹೂವು, ಹಣ್ಣು, ತರಕಾರಿಗೆ ಈಗಲೂ ಅದು ನಗರದ ದೊಡ್ಡ ನೆಲೆ. ನಸುಕಿಗೆ ಮುಂಚೆಯೇ ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರ, ಹೊಸೂರುಗಳ ಕಡೆಯಿಂದ ಸೇವಂತಿಗೆ, ಚೆಂಡುಹೂ, ಕನಕಾಂಬರ, ಗುಲಾಬಿಗಳ ಮೂಟೆಗಳು ಅಲ್ಲಿ ಬಂದಿಳಿಯುತ್ತವೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಮಾಮೂಲುಪೇಟೆ, ಚಿಕ್ಕಪೇಟೆಗಳು. ಅಲ್ಲಿ ಅದೇ ಸೇವಂತಿಗೆ, ಅದೇ ಚೆಂಡುಹೂ. ಆದರೆ ಬೆಳೆದವರಿಲ್ಲ, ಬಾಡುವುದಿಲ್ಲ, ವಾಸನೆಯೂ ಇಲ್ಲ. ಈ ಬೀದಿಗೆ ಯಾವ ನೆಲದ ಹೆಸರಿಡೋಣ?

ಆ ಹೂವಿನ ಒಳಗೇನಿದೆಯೆಂದು ವಿದ್ಯಾರ್ಥಿಗಳು ಒಂದನ್ನು ಬಿಚ್ಚಿ ನೋಡಬೇಕು. ದಳಗಳು ಪಾಲಿಯೆಸ್ಟರ್ ಬಟ್ಟೆಯವು. ಎಲೆ ಮತ್ತು ತೊಟ್ಟು ಪಾಲಿಥೀನಿನವು. ನಡುವೆ ಕಬ್ಬಿಣದ ತಂತಿ, ಮೇಲೆ ಅಂಟು, ಬಣ್ಣ. ಒಂದೊಂದನ್ನೂ ಬೇರ್ಪಡಿಸಿದರೆ ಮಾತ್ರ ಮರುಬಳಕೆ ಸಾಧ್ಯ. ಹತ್ತು ರೂಪಾಯಿಯ ಹೂವನ್ನು ಬಿಡಿಸುತ್ತ ಕೂರುವವರು ಯಾರು? ಆದ್ದರಿಂದ ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ಬಿಸಿಲಿಗೆ ಒಡ್ಡಿದ ಪ್ಲಾಸ್ಟಿಕ್ಕನ್ನು ನೇರಳಾತೀತ ಕಿರಣಗಳು ನಿಧಾನವಾಗಿ ಬಿರುಕು ಬಿಡಿಸುತ್ತವೆ. ಅದು ಕೊಳೆಯುವುದಿಲ್ಲ, ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ, ಪುಡಿ ಮಣ್ಣಲ್ಲಿ ಉಳಿಯುತ್ತದೆ. ‘ಬಾಡದ ಹೂವು’ ಎಂದು ನಾವು ಮೆಚ್ಚಿ ಕೊಂಡ ಗುಣವೇ ಅದರ ದೋಷ.

ಇಲ್ಲಿ ಮಲೆನಾಡಿನ ಕೃಷಿಕ ಒಂದು ಮಾತನ್ನು ನೆನಪಿಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಕಸದ ಬುಟ್ಟಿಗಿಂತ ಮೊದಲು ತಿಪ್ಪೆಯಿತ್ತು. ದೇವರ ಮೇಲಿನ ನಿರ್ಮಾಲ್ಯ, ಚಪ್ಪರದ ಬಾಳೆಕಂಬ, ಬೈನೆಯ ಗರಿ, ಊಟದ ಎಲೆ, ಹರಿದ ಚಾಪೆ, ಸವೆದ ಹಿಡಿಕಟ್ಟು ಎಲ್ಲವೂ ಕಡೆಗೆ ತಿಪ್ಪೆಯನ್ನು ಸೇರುತ್ತಿದ್ದವು. ಚೆಂಡುಹೂವು ಬೇಗ ಕರಗುತ್ತದೆ, ಗಡುಸಾದ ಮಾವಿನೆಲೆ ನಿಧಾನಿಸುತ್ತದೆ. ಹಸಿ ಹೂವು ಸಾರಜನಕವನ್ನೂ ಒಣಗರಿ ಇಂಗಾಲವನ್ನೂ ಒದಗಿಸುತ್ತವೆ. ಸೂಕ್ಷ್ಮಜೀವಿಗಳಿಗೆ ಈ ಎರಡೂ ಬೇಕು. ಮುಂದಿನ ವರ್ಷ ಅದೇ ಗೊಬ್ಬರ ಅಡಿಕೆ ಮರದ ಬುಡಕ್ಕೆ. ಅಂದರೆ ಈ ವರ್ಷದ ತೋರಣವೇ ಬರುವ ವರ್ಷದ ಸಿಂಗಾರ. ಇದಕ್ಕಿಂತ ಸುಂದರವಾದ ಅಲಂಕಾರಶಾಸ್ತ್ರವನ್ನು ನಾನು ಕಾಣೆ. ಈಗ ಅದೇ ತಿಪ್ಪೆಯನ್ನು ಹರಡುವಾಗ ಸನಿಕೆಗೆ ಸಿಗುವುದೇನು? ಹಸಿರು ಪ್ಲಾಸ್ಟಿಕ್ ಎಲೆ, ಜರಿಯ ನೂಲು, ತಂತಿ. ಮೊದಲ ಮಳೆಗೇ ಅವು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ಮೇಯಲು ಬಿಟ್ಟ ದನದ ಹೊಟ್ಟೆಗೆ ಹೋದವುಗಳ ಲೆಕ್ಕ ಬೇರೆ.

ಆದ್ದರಿಂದ ಯಾವ ಅಲಂಕಾರವನ್ನು ಕೊಳ್ಳುವ ಮುನ್ನವೂ ಒಂದು ಪರೀಕ್ಷೆಯನ್ನು ಮಾಡೋಣ: ಇದನ್ನು ತಿಪ್ಪೆಗೆ ಹಾಕಬಹುದೇ? ಹಾಕಲಾಗದಿದ್ದರೆ ಬಾಗಿಲಿಗೂ ಕಟ್ಟುವುದು ಬೇಡ.

ಪ್ರತಿವಾದ ನನಗೆ ತಿಳಿಯದ್ದೇನಲ್ಲ. ಪ್ಲಾಸ್ಟಿಕ್ ತೋರಣ ಅಗ್ಗ, ಹತ್ತು ಹಬ್ಬಕ್ಕೆ ಬರುತ್ತದೆ, ಹೆಂಗಸರ ಕೆಲಸ ಉಳಿಸುತ್ತದೆ ಎನ್ನುತ್ತಾರೆ. ಹತ್ತು ಹಬ್ಬಕ್ಕೆ ಬರುವುದೇ ನಿಜವಾಗಿದ್ದರೆ ಪ್ರತಿವರ್ಷ ಅಂಗಡಿಗಳಲ್ಲಿ ಇಷ್ಟೊಂದು ಹೊಸ ಸರಕು ಬಂದು ಕರಗುತ್ತಿರುವುದು ಹೇಗೆ? ಧೂಳು ಹಿಡಿಯುತ್ತದೆ, ನಮ್ಮ ಮಳೆಗಾಲಕ್ಕೆ ಬೂಷ್ಟು ಬರುತ್ತದೆ, ಬಣ್ಣ ಮಾಸುತ್ತದೆ, ಹೊಸದು ಬರುತ್ತದೆ. ಇನ್ನು ಹೆಂಗಸರ ಕೆಲಸದ ಮಾತು: ಮಾವಿನ ಎಲೆ ಕೊಯ್ದು ತೋರಣ ಕಟ್ಟಲು ಗಂಡಸಿನ ಕೈಗೂ ಬರುತ್ತದೆ.

ಎರಡನೆಯ ಪ್ರತಿವಾದ ಹೆಚ್ಚು ಗಟ್ಟಿಯಾದುದು. ಹೊಲದ ಹೂವೇನು ನಿರಪರಾಧಿಯೇ? ಅದಕ್ಕೆ ಹೊಡೆಯುವ ಕೀಟನಾಶಕ, ಕೊಳವೆಬಾವಿಯಿಂದ ಎತ್ತುವ ನೀರು? ಕೃಷಿ ವಿಜ್ಞಾನಿಯಾಗಿ ನಾನಿದನ್ನು ಅಲ್ಲಗಳೆಯಲಾರೆ. ತಿನ್ನುವ ಬೆಳೆಯಲ್ಲವೆಂಬ ಕಾರಣಕ್ಕೆ ಗುಲಾಬಿ, ಸೇವಂತಿಗೆಗಳ ಮೇಲೆ ಸಿಂಪರಣೆಗೆ ಲಗಾಮಿಲ್ಲ. ಹೂವು ಕಟ್ಟುವ ದಾರವೂ ಬದಲಾಗಿದೆ. ಬಾಳೆನಾರಿನ ಜಾಗವನ್ನು ಕೃತಕ ನೂಲು ಹಿಡಿದಿರುವುದರಿಂದ ನಿಜವಾದ ಹೂಮಾಲೆಯೂ ತಿಪ್ಪೆಯ ಪರೀಕ್ಷೆಯಲ್ಲಿ ಸೋಲುತ್ತದೆ. ಆದರೆ ಹೊಲದ ದೋಷವನ್ನು ಹೊಲದಲ್ಲಿ ತಿದ್ದಬಹುದು. ಸಿಂಪರಣೆಯನ್ನು ತಗ್ಗಿಸಬಹುದು, ನಾರಿಗೆ ಮರಳಬಹುದು. ಪ್ಲಾಸ್ಟಿಕ್ ಹೂವನ್ನು ತಿದ್ದುವ ಗದ್ದೆ ಯಾವುದು?

ಬಿಸಾಡಿದ್ದಕ್ಕೆ ‘ಆಚೆ’ ಎಂಬ ಜಾಗವಿದೆಯೆಂದು ನಂಬಿದ ಬೆಂಗಳೂರಿಗೆ ಮಾವಳ್ಳಿಪುರ, ಮಂಡೂರುಗಳ ಜನ ಪಾಠ ಕಲಿಸಿದರು. ಬೆರಕೆ ಕಸದ ಗುಡ್ಡೆಯ ದುರ್ವಾಸನೆ, ಕೆಟ್ಟ ಅಂತರ್ಜಲದ ವಿರುದ್ಧ ಹಳ್ಳಿಗರು ಎದ್ದು ನಿಂತದ್ದರಿಂದ 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಲಾರಿಗಳು ನಿಂತವು. ಆಮೇಲೆ ಕಸ ಬೇರೆ ಕಲ್ಲುಕ್ವಾರಿಗಳನ್ನು ಹುಡುಕಿಕೊಂಡು ಹೋಯಿತು. ಮಾರುಕಟ್ಟೆಯ ಹೂವಿನ ಕಸ ಬೇರೆಯಾಗಿ ಸಿಕ್ಕರೆ ಗೊಬ್ಬರ. ಪ್ಲಾಸ್ಟಿಕ್ಕಿನೊಂದಿಗೆ ಬೆರೆತರೆ ಯಾವುದೋ ಊರಿನ ಬಾವಿಗೆ ವಿಷ. ವ್ಯತ್ಯಾಸ ಇಷ್ಟೇ.

ಇಷ್ಟನ್ನು ಒಪ್ಪಿದ ನಗರದ ಸುಶಿಕ್ಷಿತರು ಈಗ ಇನ್ನೊಂದು ದಾರಿ ಹಿಡಿದಿದ್ದಾರೆ: ‘ಪ್ಲಾಸ್ಟಿಕ್ ಬೇಡ, ನಿಸರ್ಗದ್ದೇ ಬೇಕು’. ಇಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಈ ದಾರಿ ನೇರವಾಗಿ ನಮ್ಮ ಕಾಡಿಗೆ ಬರುತ್ತದೆ. ಚೌಕಟ್ಟಿನೊಳಗೆ ಅಂಟಿಸಲು ಮರದ ಹಾವಸೆ, ತೂಗುಕುಂಡಕ್ಕೆ ಕಾಡಿನ ಸೀತಾಳೆ, ಕುರ್ಚಿಗೆ ಬೆತ್ತ. ಹಾವಸೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತದೆ. ಅದನ್ನು ಸುಲಿದರೆ ಮರವಷ್ಟೇ ಬೆತ್ತಲಾಗುವುದಿಲ್ಲ, ಅದರಲ್ಲಿ ಬದುಕುವ ಜೀವಗಳೂ ಹೋಗುತ್ತವೆ. ಸೀತಾಳೆಯಂತಹ ಆರ್ಕಿಡ್ಡುಗಳ ಬೀಜ ಧೂಳಿನಂತೆ ಸೂಕ್ಷ್ಮ. ಒಳಗೆ ಬುತ್ತಿಯಿಲ್ಲದ ಆ ಬೀಜ ಮೊಳೆಯಲು ನಿರ್ದಿಷ್ಟ ಶಿಲೀಂಧ್ರದ ನೆರವು ಬೇಕು. ಒಂದು ಗೊಂಚಲು ಮುಡಿಯುವುದು ಬೇರೆ, ಬುಡಸಹಿತ ಕಿತ್ತು ಮಾರುವುದು ಬೇರೆ. ಬೆತ್ತದಲ್ಲಿಯೂ ಹಿಂಡಾಗಿ ಬೆಳೆಯುವ ಜಾತಿಗಳಿವೆ, ಒಂಟಿ ಕಾಂಡದವೂ ಇವೆ. ಮೊದಲನೆಯದರಲ್ಲಿ ಬಲಿತದ್ದನ್ನಷ್ಟೇ ಕಡಿದರೆ ಬುಡ ಉಳಿಯುತ್ತದೆ; ಎರಡನೆಯದನ್ನು ಕಡಿದರೆ ಅಲ್ಲಿಗೇ ಮುಗಿಯಿತು. ತಿಪ್ಪೆಯ ಪರೀಕ್ಷೆಯಲ್ಲಿ ಇವೆಲ್ಲವೂ ಗೆಲ್ಲುತ್ತವೆ. ಹೀಗಾಗಿ ಎರಡನೆಯ ಪರೀಕ್ಷೆಯೂ ಬೇಕು: ಕಿತ್ತ ಜಾಗದಲ್ಲಿ ಇದು ಮತ್ತೆ ಹುಟ್ಟುತ್ತದೆಯೇ?

ಹೀಗೆಂದೊಡನೆ ಕಾಡು ಹಾಳಾಗುವುದಕ್ಕೆ ಬುಟ್ಟಿ ಹೆಣೆಯುವವರೇ ಕಾರಣವೆಂದು ಬೆರಳು ತೋರಿಸುವವರಿದ್ದಾರೆ. ಅವರಿಗೆ ಉತ್ತರ ಕನ್ನಡದ ಚರಿತ್ರೆ ಉತ್ತರ ಕೊಡುತ್ತದೆ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಡಲಾಯಿತು. ಅದೇ ಬಿದಿರಿಗೆ ಪೇಟೆಯಲ್ಲಿ ದುಬಾರಿ ಬೆಲೆ ತೆರುತ್ತಿದ್ದ ಮೇದಾರರು ಬಿದಿರು ಬತ್ತುತ್ತಿದೆಯೆಂದು 1970ರ ದಶಕದಲ್ಲಿ ಸರ್ಕಾರಕ್ಕೆ ಮೊರೆಯಿಟ್ಟರು. ವಿಷಯವನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳರಿಗೆ ಹಳ್ಳಿಗರಿಂದ ತಿಳಿದ ಸತ್ಯ ಸರಳವಾಗಿತ್ತು: ಕಡಿಯಲು ಸುಲಭವಾಗಲೆಂದು ಹಿಂಡಿಲಿನ ಬುಡದ ಮುಳ್ಳುಹೊದಿಕೆಯನ್ನು ಸವರುತ್ತಿದ್ದುದರಿಂದ ಎಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗೂ ತುತ್ತಾಗುತ್ತಿತ್ತು. ಬುಟ್ಟಿ ಹೆಣೆಯುವವನಿಗೆ ಹಿಂಡಿಲು ನಾಳೆಯೂ ಬೇಕು. ನಾಳೆ ಬೇಡವಾದದ್ದು ಒಂದೂವರೆ ರೂಪಾಯಿಗೆ ಕೊಂಡವರಿಗೆ.

ಅಲಂಕಾರಕ್ಕೆಂದು ತಂದದ್ದು ಅಂಗಳ ದಾಟಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನ ನಮ್ಮೆದುರಿಗಿದೆ. ಲಂಟಾನಾ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ದೇಶಕ್ಕೆ ಬಂದದ್ದು ಉದ್ಯಾನದ ಶೋಭೆಗಾಗಿ. 2020ರಲ್ಲಿ ಪ್ರಕಟವಾದ ಅಧ್ಯಯನದಂತೆ ಅದೀಗ ಭಾರತದ ಹುಲಿ ನೆಲೆಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರ್ ಕಾಡನ್ನು ಆವರಿಸಿದೆ. ಅಂದರೆ ಶೇಕಡಾ 40ಕ್ಕೂ ಮಿಗಿಲು. ಚೆಂದಕ್ಕೆಂದು ನೆಟ್ಟ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ವಯನಾಡಿನಿಂದ ಬಂಡೀಪುರ, ನಾಗರಹೊಳೆಗಳವರೆಗೆ ಹಬ್ಬಿದೆ. ಆದರೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈ ಪಿಡುಗನ್ನೇ ಕಸುಬಿನ ಸರಕಾಗಿಸಿಕೊಂಡಿದ್ದಾರೆ; ‘ಏಟ್ರಿ’ ಸಂಸ್ಥೆಯ ತರಬೇತಿಯ ನೆರವಿನಿಂದ ಲಂಟಾನಾ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ, ಕುರ್ಚಿ ಬುಟ್ಟಿಗಳನ್ನು ಮಾಡುತ್ತಾರೆ. ಬೆತ್ತದ ಬದಲು ಲಂಟಾನಾದ ಕುರ್ಚಿ ಕೊಂಡವನು ಕಾಡಿಗೆ ಉಪಕಾರವನ್ನೇ ಮಾಡುತ್ತಾನೆ. ಬುಡ ಕೀಳದೆ ಕಾಂಡವನ್ನಷ್ಟೇ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆಂಬುದನ್ನು ಮಾತ್ರ ಮರೆಯಬಾರದು. ಇಲ್ಲಿ ಎರಡನೆಯ ಪರೀಕ್ಷೆ ತಲೆಕೆಳಗಾಗುತ್ತದೆ: ಮತ್ತೆ ಹುಟ್ಟದಿರುವುದೇ ಒಳಿತು.

ಕೊನೆಯದಾಗಿ ನಮ್ಮದೇ ಗೋಡೆಯ ಮಾತು. ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರಕ್ಕೆ ಬೇಕಾದದ್ದು ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಅದೇ ಚಿತ್ತಾರ. ಗರ್ಭಿಣಿ ಗದ್ದೆಗೆ ಬಯಕೆಯ ಅಡುಗೆ ಹೊತ್ತೊಯ್ಯುವ ಬುಟ್ಟಿ ಅದು. ಎರಡು ಪರೀಕ್ಷೆಗಳಲ್ಲಿಯೂ ನಿರಾಯಾಸವಾಗಿ ಗೆಲ್ಲುವ ಈ ಕಲೆಯನ್ನು ಪೇಟೆ ಈಗ ಕಂಡುಕೊಂಡಿದೆ. ಸಂತೋಷ. ಆದರೆ ಅದೇ ರೇಖೆಗಳು ಪಾಲಿಯೆಸ್ಟರ್ ಪರದೆಯ ಮೇಲೆ ಯಂತ್ರದಲ್ಲಿ ಅಚ್ಚಾದರೆ, ಬರೆದವಳಿಗೆ ಕಾಸೂ ಇಲ್ಲ, ಹೆಸರೂ ಇಲ್ಲ, ಮಣ್ಣಿಗೆ ಮಾತ್ರ ಹೊಸ ಕಸ.

ಆಗಬೇಕಾದದ್ದೇನು? 1 ಜುಲೈ 2022ರಿಂದ ದೇಶಾದ್ಯಂತ ನಿಷೇಧಕ್ಕೊಳಗಾದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಇದೆ, ಪ್ಲಾಸ್ಟಿಕ್ ಹೂವು ಇಲ್ಲ. ಮಹಾರಾಷ್ಟ್ರದಲ್ಲಿ ಹೂ ಬೆಳೆಗಾರರು ಇದನ್ನು ಹೈಕೋರ್ಟಿನವರೆಗೂ ಒಯ್ದರು. 2016ರಲ್ಲೇ ಹಲವು ಬಗೆಯ ಪ್ಲಾಸ್ಟಿಕ್ಕನ್ನು ನಿಷೇಧಿಸಿ ಮುಂದಡಿಯಿಟ್ಟಿದ್ದ ನಮ್ಮ ರಾಜ್ಯದ ಬೆಳೆಗಾರರೂ ಗ್ರಾಮ ಪಂಚಾಯತಿಗಳೂ ಅದೇ ಹಕ್ಕೊತ್ತಾಯವನ್ನು ದನಿಯೆತ್ತಿ ಮಂಡಿಸಬೇಕು. ಆದರೆ ಕಾನೂನು ಬರುವ ತನಕ ನಮ್ಮ ಬಾಗಿಲು ಕಾಯಬೇಕಿಲ್ಲ. ಊರಿನ ಜಾತ್ರೆ, ಮದುವೆ, ಶಾಲಾ ವಾರ್ಷಿಕೋತ್ಸವಗಳ ಚಪ್ಪರಕ್ಕೆ ಪ್ಲಾಸ್ಟಿಕ್ ಹೂವು ಬೇಡವೆಂದು ಗ್ರಾಮಸಭೆಯಲ್ಲಿ ನಿರ್ಣಯಿಸಬಹುದು. ಗೊನೆ ಕಡಿದ ಮೇಲೆ ತೋಟದಲ್ಲೇ ಬಿಡುವ ಬಾಳೆದಿಂಡಿನಿಂದ ಸ್ವಲ್ಪ ನಾರು ತೆಗೆದು ಹೂ ಕಟ್ಟುವವರಿಗೆ ಒದಗಿಸಬಹುದು. ಚಿತ್ತಾರ ಬಲ್ಲ ಅಜ್ಜಿಯನ್ನು ಶಾಲೆಗೆ ಕರೆದು ಗೌರವಧನ ಕೊಟ್ಟು ಮಕ್ಕಳಿಗೆ ಕಲಿಸಬಹುದು. ಬೆಂಗಳೂರಿನಲ್ಲಿ ಓದುವ ನಮ್ಮ ವಿದ್ಯಾರ್ಥಿಗಳು ಹಬ್ಬಕ್ಕೆ ಊರಿಗೆ ಬರುವಾಗ ಮಾರುಕಟ್ಟೆಯಿಂದ ಒಂದು ಮೊಳ ನಿಜವಾದ ಹೂವು ತರಲಿ. ತೋರಣದ ಎಲೆಯನ್ನು ಇಲ್ಲಿಯೇ, ಅಂಗಳದ ಮರದಿಂದ ಕೊಯ್ಯೋಣ.