ಕಿಚ್ಚಿನೆದುರು ನಿಂತವರಿಗೆ ದಾಸೋಹ

ದಾಸೋಹವೆಂಬ ಮಾತು ಕಿವಿಗೆ ಬಿದ್ದೊಡನೆ ಭಕ್ತರ ಕಣ್ಣ ಮುಂದೆ ನಿಲ್ಲುವುದು ಮಠದ ಪಂಕ್ತಿ. ಸಾಲಾಗಿ ಹಾಸಿದ ಎಲೆಗಳು, ಹಬೆಯಾಡುವ ಅನ್ನದ ಕೊಪ್ಪರಿಗೆ, ಸಾರಿನ ಬಕೆಟ್ಟು ಹಿಡಿದು ಓಡಾಡುವ ತರುಣರು. ಶತಮಾನಗಳಿಂದ ನಡೆದುಬಂದ ಈ ಪುಣ್ಯಕಾರ್ಯದ ಹಿರಿಮೆಯನ್ನು ಯಾರೂ ಕಡಿಮೆ ಮಾಡಲಾರರು. ಆದರೆ ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಗೋಡೆಗಳ ನಡುವಿನ ಒಂದು ಏರ್ಪಾಟೆಂದು ತಿಳಿದವರಲ್ಲ. ‘ದಾಸೋಹಂ’ ಎಂದರೆ ‘ನಾನು ದಾಸನು’. ಇದು ಮೊದಲು ಒಂದು ಮನೋಭಾವ, ಆಮೇಲೆ ಒಂದು ಊಟ. ಬಡಿಸುವವನು ತಾನು ಕೊಡುವವನೆಂಬ ಎಣಿಕೆಯನ್ನು ಕಳೆದುಕೊಂಡಲ್ಲಿ ದಾಸೋಹವಿದೆ; ಉಳಿಸಿಕೊಂಡಲ್ಲಿ ಅದು ಬರಿಯ ದಾನ. ಈ ಮನೋಭಾವಕ್ಕೆ ದಾಸೋಹದ ಮನೆಯ ಹೊಸ್ತಿಲು ಎಲ್ಲೆಯಾಗಬೇಕಿಲ್ಲ. ಹಸಿದ ಜಂಗಮನು ಮಠದ ಬಾಗಿಲಿಗೆ ಬರಲಾರದ ಹೊತ್ತಿನಲ್ಲಿ ಅನ್ನವೇ ಅವನಿದ್ದಲ್ಲಿಗೆ ನಡೆದುಹೋಗಬೇಕು. ಬೇಸಿಗೆಯಲ್ಲಿ ಕಾಡಿಗೆ, ಹುಲ್ಲಿನ ಬಣವೆಗೆ, ಮನೆಗೆ ಹತ್ತಿದ ಬೆಂಕಿಯೊಡನೆ ಸೆಣಸುವವರು ಅಂಥ ಜಂಗಮರು.

ಕೊಡಗಿನ ಉತ್ತರದ ಅಂಚಿನ ಶಿರಂಗಾಲಕ್ಕೆ ಈ ವಿಚಾರ ಹತ್ತಿರದ್ದು. ಕೊಡಗೆಂದರೆ ಎಂದೂ ಬತ್ತದ ಮಳೆ, ಕಾಫಿ ತೋಟದ ತಂಪು ಎಂಬುದು ಹೊರಗಿನವರ ಕಲ್ಪನೆ. ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡ ಕಾವೇರಿ ಕಣಿವೆ, ಹೆಬ್ಬಾಲೆಗಳನ್ನು ದಾಟಿ ಶಿರಂಗಾಲದತ್ತ ಬರುವ ಹೊತ್ತಿಗೆ ನೆಲದ ಸ್ವಭಾವವೇ ಬದಲಾಗಿರುತ್ತದೆ. ಹೊಳೆಯಾಚೆ ಮೈಸೂರು ಸೀಮೆ, ಬಡಗಣಕ್ಕೆ ಹಾಸನ ಸೀಮೆ. ಈಗ ಕುಶಾಲನಗರ ತಾಲ್ಲೂಕಿಗೆ ಸೇರಿದ ಈ ಭಾಗದಲ್ಲಿ ಭತ್ತ, ಮುಸುಕಿನ ಜೋಳ, ಶುಂಠಿ ಬೆಳೆಯುವ ಬಯಲು ಹೊಲಗಳಿವೆ. ಕುಶಾಲನಗರದ ಆಸುಪಾಸಿನ ಆನೆಕಾಡು, ಯಡವನಾಡಿನಂಥ ಕಾಡುಗಳು ಮಾಘ ಫಾಲ್ಗುಣಗಳಲ್ಲಿ ಎಲೆ ಉದುರಿಸಿ ಒಣಗಿ ನಿಲ್ಲುತ್ತವೆ. ಒಣಗಿದ ಬಿದಿರು, ಲಂಟಾನದ ಪೊದೆ, ಮೊಣಕಾಲೆತ್ತರದ ಹುಲ್ಲು ಒಂದು ಕಿಡಿಗಾಗಿ ಕಾದಂತಿರುತ್ತವೆ. ಬೆಂಕಿ ಕಂಡರೆ 101ಕ್ಕೋ 112ಕ್ಕೋ ಕರೆ ಹೋಗುತ್ತದೆ. ಪೇಟೆಯಿಂದ ವಾಹನ ಹೊರಡುತ್ತದೆ. ಅದು ಬಂದು ತಲುಪುವವರೆಗೆ, ಮತ್ತು ಅದರ ಚಕ್ರ ಹೋಗಲಾರದ ಕಾಡಿನ ಒಳಗೆ, ಹೋರಾಡುವವರು ಅರಣ್ಯ ರಕ್ಷಕರು, ಬೇಸಿಗೆಯ ಮಟ್ಟಿಗೆ ದಿನಗೂಲಿಗೆ ನೇಮಕವಾದ ಬೆಂಕಿ ಕಾವಲುಗಾರರು, ಊರಿನ ತರುಣರು.

ಅವರ ಕೆಲಸ ಎಂಥದೆಂಬುದನ್ನು ನೆರಳಿನಲ್ಲಿ ಕುಳಿತವರು ತಿಳಿಯಬೇಕು. ಇಳಿಜಾರಿನ ಕಾಡಿಗೆ ನೀರಿನ ಕೊಳವೆ ಏರುವುದಿಲ್ಲ. ಹಸಿ ಸೊಪ್ಪಿನ ಕೊಂಬೆಯನ್ನು ಹಿಡಿದು ಜ್ವಾಲೆಯನ್ನು ಬಡಿಯುವುದು, ತರಗನ್ನು ಗುಡಿಸಿ ಬರಿನೆಲದ ಬೆಂಕಿರೇಖೆ ಮಾಡುವುದು, ಕೆಲವೊಮ್ಮೆ ಎದುರು ಬೆಂಕಿ ಕೊಟ್ಟು ದೊಡ್ಡ ಕಿಚ್ಚಿನ ದಾರಿ ಕಟ್ಟುವುದು, ಇವೇ ಅವರ ಉಪಾಯಗಳು. ಮೇಲೆ ಬಿಸಿಲು, ಮುಂದೆ ಉರಿ, ಸುತ್ತ ಹೊಗೆ. ಇಂಥ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ಬೆವರು ಹರಿಯುವುದುಂಟು. ಪೇಟೆಯ ಅಗ್ನಿಶಾಮಕ ಸಿಬ್ಬಂದಿಯಾದರೆ ಉಸಿರಾಟದ ಸಿಲಿಂಡರೂ ಸೇರಿ 20 ಕಿಲೋ ತೂಕದ ಉಡುಪು ಹೊತ್ತು ಒಳನುಗ್ಗಬೇಕಾದೀತು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ತಲೆ ಸುತ್ತುತ್ತದೆ, ಸ್ನಾಯು ಸೆಟೆಯುತ್ತದೆ, ಎಲ್ಲಕ್ಕಿಂತ ಮೊದಲು ವಿವೇಚನೆ ಮಸುಕಾಗುತ್ತದೆ. ಗಾಳಿ ಯಾವ ಕಡೆ ತಿರುಗಿತೆಂಬುದನ್ನು ಒಂದು ಕ್ಷಣ ತಡವಾಗಿ ತಿಳಿದರೂ ಜೀವಕ್ಕೆ ಅಪಾಯ. ಆದ್ದರಿಂದ ಅಲ್ಲಿಗೆ ತಲುಪುವ ಒಂದು ಚೊಂಬು ಮಜ್ಜಿಗೆ ಬರಿಯ ಉಪಚಾರವಲ್ಲ. ಕೈಯಲ್ಲಿರುವ ಕತ್ತಿ ಕೊಡಲಿಗಳಂತೆ ಅದೂ ಬೆಂಕಿ ಆರಿಸುವ ಸಲಕರಣೆ.

ಕರ್ನಾಟಕವು ಇದನ್ನು ಕಣ್ಣಾರೆ ಕಂಡದ್ದು 2019ರಲ್ಲಿ. ಆ ವರ್ಷ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ತ್ರಿವಿಧ ದಾಸೋಹಿಯ ನೆನಪಿನಲ್ಲಿ ನಾಡು ಕಣ್ಣೀರಿಟ್ಟಿತು. ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರವರಿಯ ಮೂರನೆಯ ನಾಲ್ಕನೆಯ ವಾರಗಳಲ್ಲಿ, ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಳ್ಗಿಚ್ಚು ಹಬ್ಬಿ ಸಾವಿರಾರು ಎಕರೆ ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಾನಿನಿಂದ ನೀರು ಸುರಿದವು. ನೆಲದ ಮೇಲೆ ಸಿಬ್ಬಂದಿಯೊಡನೆ ಮೈಸೂರು, ಬೆಂಗಳೂರುಗಳಿಂದ ಬಂದ ಸ್ವಯಂಸೇವಕರು ಸೊಪ್ಪು ಹಿಡಿದು ನಿಂತರು. ಬೆಂಕಿ ಬಡಿಯುವ ಅಭ್ಯಾಸವಿಲ್ಲದ ಎಷ್ಟೋ ಮಂದಿ ನೀರು, ಹಣ್ಣು, ಗ್ಲೂಕೋಸು, ಊಟದ ಪೊಟ್ಟಣಗಳನ್ನು ಹೊತ್ತು ತಂದರು. ಆ ದಿನಗಳಲ್ಲಿ ಗುಂಡ್ಲುಪೇಟೆಯ ದಾರಿಯಲ್ಲಿ ನಡೆದದ್ದಕ್ಕೆ ಯಾರೂ ದಾಸೋಹವೆಂದು ಹೆಸರಿಡಲಿಲ್ಲ. ಆದರೆ ಅದು ದಾಸೋಹವೇ ಆಗಿತ್ತು. ಅದಕ್ಕೆ ಆರು ತಿಂಗಳ ಹಿಂದೆ, 2018ರ ಆಗಸ್ಟಿನಲ್ಲಿ, ಕೊಡಗಿನ ಬೆಟ್ಟಗಳು ಕುಸಿದಾಗಲೂ ಹೀಗೆಯೇ ಆಯಿತು. ಜನರನ್ನು ಕೆಸರಿನಿಂದ ಎತ್ತುತ್ತಿದ್ದ ರಕ್ಷಣಾ ಸಿಬ್ಬಂದಿಗೂ ಮನೆ ಕಳೆದುಕೊಂಡವರಿಗೂ ಅನ್ನ ಬೇಯಿಸುವಾಗ ಜಾತಿ ಮತಗಳನ್ನು ಯಾರೂ ಕೇಳಲಿಲ್ಲ.

ಹೊರನಾಡಿನಲ್ಲಿಯೂ ಈ ಧರ್ಮವನ್ನು ಬಲ್ಲವರಿದ್ದಾರೆ. 1938ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಹಿಳಾ ಸ್ವಯಂಸೇವಾ ಸಂಘದ ತಾಯಂದಿರು 1940ರ ಸೆಪ್ಟೆಂಬರಿನಿಂದ ಲಂಡನ್ನಿನ ಮೇಲೆ ಬಾಂಬುಗಳ ಮಳೆ ಸುರಿಯುತ್ತಿದ್ದ ರಾತ್ರಿಗಳಲ್ಲಿ ಗಾಡಿಗಳಲ್ಲಿ ಚಹಾ, ತಿಂಡಿ ಹೊತ್ತು ಉರಿಯುವ ಬೀದಿಗಳಿಗೆ ಹೋದರು. 2019ರ ಕೊನೆಯಲ್ಲಿ, 2020ರ ಆರಂಭದಲ್ಲಿ ಆಸ್ಟ್ರೇಲಿಯಾದ ಕಾಡುಗಳು ಹೊತ್ತಿ ಉರಿದಾಗ ವಿಕ್ಟೋರಿಯಾ ಪ್ರಾಂತದ ಬೈರ್ನ್ಸ್‌ಡೇಲ್ ಊರಿಗೆ ಸಿಖ್ ಸ್ವಯಂಸೇವಕರು ತಮ್ಮ ಲಂಗರನ್ನೇ ಗಾಡಿಯ ಮೇಲೆ ಕೊಂಡೊಯ್ದು ನಿರಾಶ್ರಿತರಿಗೂ ಬೆಂಕಿ ಆರಿಸುವವರಿಗೂ ಬಿಸಿ ಊಟ ನೀಡಿದರು. ಗುರುದ್ವಾರದ ಲಂಗರು ಕಡಲಾಚೆಯ ಕಾಡಿನ ಅಂಚಿಗೆ ಹೋಗಬಲ್ಲುದಾದರೆ, ಶರಣರ ದಾಸೋಹ ಊರಾಚೆಯ ಕಾಡಿನ ಅಂಚಿಗೆ ಹೋಗಲಾರದೆ?

ಹೋಗಬೇಕು. ಆದರೆ ಹೇಗೆ ಹೋಗಬೇಕೆಂಬುದನ್ನು ಶರಣರ ಬಾಳಿನಿಂದಲೇ ಕಲಿಯಬೇಕು. ಆಯ್ದಕ್ಕಿ ಮಾರಯ್ಯನವರ ಕಥೆ ಭಕ್ತರಿಗೆಲ್ಲ ತಿಳಿದದ್ದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡದಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದರು. ದಾಸೋಹದಲ್ಲಿ ಕೊರತೆಯಷ್ಟೇ ಅತಿಯೂ ದೋಷವೆಂಬುದನ್ನು ಆ ತಾಯಿ ಬಲ್ಲವರು. ಆಪತ್ತಿನ ಸ್ಥಳಗಳಲ್ಲಿ ಇಂದು ಕಾಣುವ ದೋಷ ಬಹುಮಟ್ಟಿಗೆ ಈ ಅತಿಯೇ. ಒಂದೇ ದಿನ ಹತ್ತು ಕಡೆಯಿಂದ ಚಿತ್ರಾನ್ನ ಬಂದು ಹಳಸುತ್ತದೆ. ಮರುದಿನ ಬೆಂಕಿ ಇನ್ನೂ ಆರದಿರುವಾಗ ಕುಡಿಯಲು ನೀರೂ ಇರುವುದಿಲ್ಲ. ತಂದವರ ವಾಹನಗಳೇ ಕಿರಿದಾದ ದಾರಿಯನ್ನು ಕಟ್ಟಿ ಅಗ್ನಿಶಾಮಕ ವಾಹನವನ್ನು ತಡೆಯುತ್ತವೆ. ಪೊಟ್ಟಣ ಕೊಡುವ ಕೈ ಒಂದಾದರೆ ಚಿತ್ರ ತೆಗೆಯುವ ಕೈ ನಾಲ್ಕು. ದಾಸನೆಂದು ಹೊರಟವನು ದಾನಿಯಾಗಿ ಮರಳುವುದು ಹೀಗೆ.

ನುಲಿಯ ಚಂದಯ್ಯನವರ ಕಥೆ ಇನ್ನೊಂದು ಪಾಠ ಹೇಳುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ಬಿದ್ದರೂ ಅವರು ಹಗ್ಗ ಹೊಸೆಯುವ ಕಾಯಕವನ್ನೂ ಅದರಿಂದ ನಡೆಯುವ ಜಂಗಮ ದಾಸೋಹವನ್ನೂ ನಿಲ್ಲಿಸಲಿಲ್ಲವೆಂದು ಪರಂಪರೆ ಹೇಳುತ್ತದೆ. ಎದುರಿಗಿರುವ ಕಾಯಕ ಕೆಡಬಾರದು ಎಂಬುದು ಅಲ್ಲಿಯ ತಿರುಳು. ಬೆಂಕಿಯ ಬಳಿ ಕಾಯಕ ನಡೆಸುತ್ತಿರುವವರು ಆರಿಸುವವರು; ಅನ್ನ ತಂದವರು ಅವರ ಕಾಯಕವನ್ನು ಕೆಡಿಸಬಾರದು. ಸ್ಥಳದ ಅಧಿಕಾರಿಯನ್ನು ಕೇಳದೆ ಒಳಗೆ ಕಾಲಿಡಬಾರದು. ಆನೆಗಳು ಬೆಂಕಿಗೆ ಹೆದರಿ ದಿಕ್ಕುಗೆಟ್ಟು ಓಡುವ ಹೊತ್ತಿನಲ್ಲಿ ಬುತ್ತಿ ಹಿಡಿದು ಕಾಡು ಹೊಕ್ಕವರನ್ನು ಹುಡುಕುವ ಕೆಲಸವೂ ಸಿಬ್ಬಂದಿಯ ತಲೆಗೇ ಬೀಳುತ್ತದೆ. ಗಾಳಿಗೆ ಎದುರಾಗದ, ಹೊಗೆ ಬಾರದ ನೆರಳಿನ ಜಾಗದಲ್ಲಿ ನಿಂತು, ಸರದಿಯಂತೆ ಬರುವವರಿಗೆ ಬಡಿಸಬೇಕು.

ಏನನ್ನು ಬಡಿಸಬೇಕೆಂಬುದಕ್ಕೆ ನಮ್ಮ ಹಿರಿಯರ ಅರವಟ್ಟಿಗೆಯೇ ಸಾಕಷ್ಟು ಮಾರ್ಗದರ್ಶಿ. ಬಿರುಬೇಸಿಗೆಯಲ್ಲಿ ದಾರಿಹೋಕರಿಗೆ ಅವರು ಇಡುತ್ತಿದ್ದುದು ನೀರು, ಉಪ್ಪು ಬೆರೆಸಿದ ನೀರುಮಜ್ಜಿಗೆ, ಬೆಲ್ಲದ ಪಾನಕ. ಬೆವರಿನಲ್ಲಿ ಹೋದದ್ದನ್ನು ಮರಳಿ ಕೊಡುವ ವಸ್ತುಗಳು ಇವೇ. ಮೊದಲು ಕುಡಿಯಲು, ಆಮೇಲೆ ತಿನ್ನಲು. ಬಾಳೆಹಣ್ಣು, ಮೊಸರನ್ನ ಹಿತ. ಎಣ್ಣೆಯಲ್ಲಿ ಕರಿದ ತಿಂಡಿ ಆ ಹೊತ್ತಿಗಲ್ಲ. ಇದಕ್ಕಿಂತ ಮೊದಲು ಮಾಡಬೇಕಾದ ಒಂದು ಸೇವೆಯುಂಟು: ಕೈ ಮುಖ ತೊಳೆಯಲು ಬೇರೆಯೇ ನೀರು, ಸಾಬೂನು, ಒರೆಸಲು ಬಟ್ಟೆ. ಬೆಂಕಿ ಆರಿಸುವ ವೃತ್ತಿಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2022ರಲ್ಲಿ ನಿರ್ಣಯಿಸಿತು. ಮಸಿ ಮೆತ್ತಿದ ಕೈಯಿಂದ ತಿಂದ ತುತ್ತಿನೊಡನೆ ಆ ವಿಷವೂ ಒಳಗೆ ಹೋಗುತ್ತದೆ. ಜಂಗಮನು ಬಂದಾಗ ಮೊದಲು ಪಾದಕ್ಕೆ ನೀರು ಕೊಡುವ ಸಂಪ್ರದಾಯ ಬಲ್ಲ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟ ಎಲೆಯಲ್ಲಿರಲಿ, ನೀರು ಕ್ಯಾನಿನಲ್ಲಿರಲಿ. ಕಾಡನ್ನು ಉಳಿಸಲು ಬಂದವರ ಹೆಸರಿನಲ್ಲಿ ಕಾಡಿನ ತುಂಬ ಪ್ಲಾಸ್ಟಿಕ್ ಬಿಟ್ಟುಬರುವುದು ಸೇವೆಯಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಿಬ್ಬಂದಿಗೆ ಅನ್ನ ನೀರು ಒದಗಿಸುವುದು ಸರ್ಕಾರದ ಹೊಣೆಯಲ್ಲವೆ? ಭಕ್ತರು ಮುಂದೆ ಬಂದರೆ ಇಲಾಖೆ ಕೈತೊಳೆದುಕೊಳ್ಳುವುದಿಲ್ಲವೆ? ಈ ಆಕ್ಷೇಪದಲ್ಲಿ ಹುರುಳಿದೆ. ಬೆಂಕಿ ಕಾವಲುಗಾರರಿಗೆ ಹೊತ್ತಿಗೆ ಸರಿಯಾಗಿ ಕೂಲಿ, ಕಾಲಿಗೆ ಗಟ್ಟಿ ಬೂಟು, ಜೀವಕ್ಕೆ ವಿಮೆ ಸಿಗಬೇಕು. ಒಂದು ಪೊಟ್ಟಣ ಅನ್ನ ಇವುಗಳಿಗೆ ಬದಲಿಯಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಅರಣ್ಯ ಸಿಬ್ಬಂದಿ ಬೆಂಕಿಗೆ ಬಲಿಯಾದರು. ಅವರ ಮನೆಗಳ ದುಃಖವನ್ನು ಯಾವ ಮಜ್ಜಿಗೆಯೂ ತಣಿಸಲಾರದು. ಆದರೆ ಸರ್ಕಾರದ ಹೊಣೆ ಇದೆಯೆಂಬ ಕಾರಣಕ್ಕೆ ನೆರೆಯವರ ಹೊಣೆ ಇಲ್ಲವಾಗುವುದಿಲ್ಲ. ಉಳಿಯುತ್ತಿರುವುದು ಯಾರ ಹೊಲ, ಯಾರ ಬಣವೆ, ಯಾರ ಹೊಳೆಗೆ ನೀರುಣಿಸುವ ಕಾಡು? ಆ ಋಣ ಊರಿನದು. ಅನ್ನ ನೀಡುವ ಊರಿಗೆ ಕಾವಲುಗಾರನ ಬಾಕಿ ಕೂಲಿಯ ಬಗ್ಗೆ ಗಟ್ಟಿಯಾಗಿ ಕೇಳುವ ಹಕ್ಕೂ ಬರುತ್ತದೆ, ಕೇಳುವ ಕರ್ತವ್ಯವೂ ಬರುತ್ತದೆ.

ಇನ್ನೊಂದು ಮಾತು ಕಹಿಯಾದದ್ದು. ಹೇಳದೆ ಬಿಟ್ಟರೆ ಈ ವಿಚಾರ ಅರ್ಧವಾಗುತ್ತದೆ. ನಮ್ಮ ಕಾಡುಗಳಲ್ಲಿ ತಾನಾಗಿ ಹೊತ್ತುವ ಬೆಂಕಿ ತೀರ ಅಪರೂಪ. ಬಹುಪಾಲು ಕಿಚ್ಚು ಮನುಷ್ಯನ ಕೈಯಿಂದ ಬಂದದ್ದು. ಎಳೆಹುಲ್ಲು ಚಿಗುರಲೆಂದು ಹಚ್ಚುವವರಿದ್ದಾರೆ. ಹೊಲದ ಕೂಳೆಗೆ ಬೆಂಕಿಯಿಟ್ಟು ಮನೆಗೆ ಹೋಗುವವರಿದ್ದಾರೆ. ಸೇದಿದ ಬೀಡಿಯನ್ನು ತರಗಿನ ಮೇಲೆ ಎಸೆಯುವವರಿದ್ದಾರೆ. ಆನೆ ಬೆಳೆ ತಿಂದ ಸಿಟ್ಟನ್ನೋ ಇಲಾಖೆಯ ಮೇಲಿನ ಸಿಟ್ಟನ್ನೋ ಕಾಡಿನ ಮೇಲೆ ತೀರಿಸಿಕೊಳ್ಳುವವರೂ ಇದ್ದಾರೆ. ಬೆಳೆ ಕಳೆದುಕೊಂಡ ರೈತನ ನೋವು ಸುಳ್ಳಲ್ಲ. ಅದಕ್ಕೆ ಪರಿಹಾರ ಸಿಗಬೇಕಾದದ್ದೂ ನ್ಯಾಯ. ಆದರೆ ಬಸವಣ್ಣನವರು ಕೋಪವನ್ನು ಮನೆಯೊಳಗೆ ಎದ್ದ ಬೆಂಕಿಗೆ ಹೋಲಿಸಿ, ಅದು ನೆರೆಮನೆಗಿಂತ ಮೊದಲು ಹುಟ್ಟಿದ ಮನೆಯನ್ನೇ ಸುಡುವುದೆಂದು ಎಚ್ಚರಿಸಿದ್ದನ್ನು ಇಲ್ಲಿ ನೆನೆಯಬೇಕು. ಕಾಡಂಚಿನ ಊರುಗಳಲ್ಲಿ ಆ ಹೋಲಿಕೆ ಅಕ್ಷರಶಃ ನಿಜವಾಗುತ್ತದೆ. ಸುಟ್ಟ ಕಾಡಿನಿಂದ ಹಸಿದ ಆನೆ ಬರುವುದು ಅದೇ ಹೊಲಕ್ಕೆ. ಆರಿಸಲು ಹೋಗಿ ಮೈ ಸುಟ್ಟುಕೊಳ್ಳುವುದು ಅದೇ ಊರಿನ ಬಡವನ ಮಗ. ಒಂದು ಕೈಯಿಂದ ಕಿಡಿಯಿಟ್ಟು ಇನ್ನೊಂದು ಕೈಯಿಂದ ಮಜ್ಜಿಗೆ ಹಿಡಿಯುವ ಊರಿನ ದಾಸೋಹವನ್ನು ಯಾವ ಶರಣನೂ ಒಪ್ಪಲಾರ. ಬೆಂಕಿ ಹಚ್ಚದಿರುವುದೇ ಮೊದಲನೆಯ ದಾಸೋಹ, ಹಚ್ಚುವವನನ್ನು ತಡೆಯುವುದು ಎರಡನೆಯದು, ಆರಿಸುವವನಿಗೆ ಉಣಿಸುವುದು ಮೂರನೆಯದು.

ಶಿರಂಗಾಲದಂಥ ಊರಿಗೆ ಇದು ಭಾರವಾದ ಕೆಲಸವಲ್ಲ. ಶಿವರಾತ್ರಿಯಿಂದ ಬಸವ ಜಯಂತಿಯವರೆಗಿನ ದಿನಗಳೇ ಹೆಚ್ಚುಕಡಿಮೆ ಈ ಸೀಮೆಯ ಬೆಂಕಿಯ ಕಾಲ. 1944ರಲ್ಲಿ ಮುಂಬಯಿಯ ಹಡಗುಕಟ್ಟೆಯ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶವು ಆಚರಿಸುವ ಅಗ್ನಿಶಾಮಕ ಸೇವಾ ಸಪ್ತಾಹವೂ ಏಪ್ರಿಲ್ 14ರಿಂದ 20ರವರೆಗೆ, ಇದೇ ಅವಧಿಯೊಳಗೆ ಬರುತ್ತದೆ. ಶಿವರಾತ್ರಿಯ ಜಾಗರಣೆಗೆ ಸೇರಿದ ಭಕ್ತರು ಆ ರಾತ್ರಿಯೇ ಹತ್ತು ಮನೆಗಳ ಸರದಿ ಗೊತ್ತುಮಾಡಿಕೊಳ್ಳಬಹುದು. ಯಾವ ವಾರ ಯಾವ ಮನೆಯ ಮೊಸರು, ಯಾರ ಗಾಡಿ, ಯಾರ ಕ್ಯಾನು, ಅರಣ್ಯ ಇಲಾಖೆಯವರೊಡನೆ ಮಾತನಾಡುವವರು ಯಾರು ಎಂಬಷ್ಟು ನಿಶ್ಚಯವಾದರೆ ಸಾಕು. ಕಡ್ಡಿ ಗೀರುವವರಿಗೆ ಬುದ್ಧಿ ಹೇಳುವ ಹಿರಿಯರೂ ಅಂದೇ ಹೆಸರಿಸಲ್ಪಡಲಿ. ಬೆಂಕಿ ಬೀಳದೆ ಬೇಸಿಗೆ ಕಳೆದರೆ ಆ ಮಜ್ಜಿಗೆ ದಾರಿಹೋಕರ ಅರವಟ್ಟಿಗೆಗೆ ಸಲ್ಲಲಿ.

ಜಂಗಮವೆಂದರೆ ಚಲಿಸುವುದು. ಹೊಗೆ ಕಂಡ ಕಡೆಗೆ ಓಡುವವನ ಕಾಲಿಗಿಂತ ಹೆಚ್ಚಿನ ಜಂಗಮತ್ವ ಆ ಹೊತ್ತಿಗೆ ಮತ್ತೆಲ್ಲಿದೆ? ಅವನು ಬೆಂಕಿಯನ್ನು ತಡೆದು ಮಸಿಮುಖದೊಡನೆ ದಾರಿಯಂಚಿಗೆ ಬಂದು ಕುಳಿತಾಗ, ಹೆಸರು ಕೇಳದೆ, ಹೆಸರು ಹೇಳದೆ ಒಂದು ಚೊಂಬು ನೀರು ಮುಂದೆ ಬರಬೇಕು. ಭಕ್ತನ ಮನೆಯ ಅಂಗಳ ಅಲ್ಲಿಯವರೆಗೂ ಚಾಚಿರಲಿ.