ಗೊಜಿರಾವನ್ನು ಮೊಳದಲ್ಲಿ ಅಳೆಯಬೇಡಿ

ಕಳೆದ ಮಳೆಗಾಲದಲ್ಲಿ ಉಪನಗರದ ಕನ್ನಡ ಸಂಘವೊಂದರ ಯುವ ಮಿತ್ರರು ನಾಲ್ಕು ಭಾನುವಾರಗಳ ಕಾಲ ಜಪಾನಿನ ದೈತ್ಯಪ್ರಾಣಿ ಚಿತ್ರಗಳನ್ನು ಪ್ರದರ್ಶಿಸಿದರು. 2024ರಲ್ಲಿ 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರಕ್ಕೆ ಆಸ್ಕರ್ ದೊರೆತಂದಿನಿಂದ ಬೆಳೆದ ಕುತೂಹಲವದು. ಸನ್ಮಾನ, ಶಾಲು, ಫಲತಾಂಬೂಲಗಳಿಗೆ ಹೊರತಾದದ್ದೊಂದು ನಮ್ಮ ಸಭಾಂಗಣಗಳೊಳಗೆ ಕಾಲಿಟ್ಟಿತಲ್ಲ ಎಂಬ ಸಂತೋಷದಿಂದ ನಾನೂ ಕೊಡೆ ಹಿಡಿದು ಹೋದೆ. ಕೊನೆಯ ಭಾನುವಾರ ಚೀಟಿ ಹಂಚಿ ಚಿತ್ರಗಳಿಗೆ ಸ್ಥಾನ ನಿರ್ಣಯಿಸುವ ಕಾರ್ಯಕ್ರಮ. ಹಲಗೆಯ ಮೇಲೆ ಮಾನದಂಡಗಳನ್ನೂ ಬರೆದಿದ್ದರು: ಪ್ರಾಣಿಯ ಎತ್ತರ, ಕಾಳಗದ ರೋಚಕತೆ, ಉರುಳಿಸಿದ ಕಟ್ಟಡಗಳು, ತಾಂತ್ರಿಕ ಚಮತ್ಕಾರ.

ಫಲಿತಾಂಶ ಊಹಿಸಬಹುದಾದದ್ದೇ. ಹನ್ನೊಂದು ದೈತ್ಯರನ್ನು ಒಂದೇ ತೆರೆಯ ಮೇಲೆ ತಂದ 1968ರ 'ಡಿಸ್ಟ್ರಾಯ್ ಆಲ್ ಮಾನ್‌ಸ್ಟರ್ಸ್' ಮೊದಲನೆಯದಾಯಿತು. 1962ರ 'ಕಿಂಗ್‌ಕಾಂಗ್ ವರ್ಸಸ್ ಗಾಡ್ಜಿಲ್ಲಾ' ಎರಡನೆಯದು. ಎಲ್ಲಕ್ಕೂ ಮೂಲವಾದ 1954ರ 'ಗೊಜಿರಾ' ಕಪ್ಪುಬಿಳುಪಿನ ಅಪರಾಧಕ್ಕಾಗಿ ಐದನೆಯ ಸ್ಥಾನಕ್ಕಿಳಿಯಿತು. 1971ರ 'ಗಾಡ್ಜಿಲ್ಲಾ ವರ್ಸಸ್ ಹೆಡೋರಾ' ಜಪಾನಿನ ಚಿತ್ರಗಳಲ್ಲೆಲ್ಲ ಕೊನೆಗೆ ಬಿತ್ತು. ಅದಕ್ಕೂ ಕೆಳಗೆ, ನಗೆಯ ನಡುವೆ, ಯಾರೋ ನಮ್ಮ ಮುಂಬಯಿಯಲ್ಲೇ ತಯಾರಾದ 1966ರ ಹಿಂದಿ ಚಿತ್ರ 'ಗೊಗೋಲಾ'ದ ಹೆಸರನ್ನು ಬರೆದರು. ಅಲ್ಲಿದ್ದವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ!

ಈ ಪಟ್ಟಿಯನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. ಇದು ಕೇವಲ ರುಚಿಭೇದದ ಪ್ರಶ್ನೆಯಲ್ಲ. ಒಂದು ಕೃತಿಯಿಂದ ಅದರ ದುಃಖವನ್ನು ಕಿತ್ತುಹಾಕಿ ಉಳಿದ ಸಿಪ್ಪೆಗೆ ಅಂಕ ಕೊಡುವ ಈ ವಿಮರ್ಶಾಪದ್ಧತಿ ಎಲ್ಲಿಂದ ಬಂತು, ಯಾರಿಗೆ ಅನುಕೂಲವಾಯಿತು ಎಂಬುದು ಇಲ್ಲಿನ ಪ್ರಶ್ನೆ.

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಸ್ಫೋಟಿಸಿತು. ಅದರ ಬೂದಿ ಜಪಾನಿನ ಒಂದು ಮೀನುಗಾರಿಕಾ ದೋಣಿಯ ಮೇಲೆ, ಅದರಲ್ಲಿದ್ದ 23 ಮಂದಿಯ ಮೇಲೆ ಸುರಿಯಿತು. 'ಅದೃಷ್ಟದ ಡ್ರ್ಯಾಗನ್' ಎಂಬುದು ಆ ದೋಣಿಯ ಹೆಸರು. ಇತಿಹಾಸಕ್ಕೆ ಇಂಥ ಕ್ರೂರ ವ್ಯಂಗ್ಯಗಳು ಸಹಜವಾಗಿಯೇ ಒದಗುತ್ತವೆ. ದೋಣಿಯ ರೇಡಿಯೋ ನಿರ್ವಾಹಕ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ನವೆಂಬರ್ 3ರಂದು 'ಗೊಜಿರಾ' ತೆರೆ ಕಂಡಿತು. ಸಮುದ್ರದ ಮಧ್ಯೆ ಕಣ್ಣು ಕುಕ್ಕುವ ಬೆಳಕಿಗೆ ಬೆಚ್ಚುವ ನಾವಿಕರೊಂದಿಗೆ ಚಿತ್ರ ಆರಂಭವಾದಾಗ ಆ ದೇಶದ ಪ್ರೇಕ್ಷಕನಿಗೆ ಟಿಪ್ಪಣಿ ಬೇಕಾಗಿರಲಿಲ್ಲ. ನಿರ್ದೇಶಕ ಇಶಿರೋ ಹೋಂಡಾ ಚೀನಾದಲ್ಲಿ ಸೈನಿಕನಾಗಿದ್ದು 1946ರಲ್ಲಿ ಮರಳುವಾಗ ಹಿರೋಶಿಮಾದ ಅವಶೇಷಗಳನ್ನು ಕಣ್ಣಾರೆ ಕಂಡಿದ್ದವರು. ಹೀಗಾಗಿ ಆ ಪ್ರಾಣಿ ಟೋಕಿಯೋವನ್ನು ತುಳಿದು ಹೋದ ಮೇಲೆ ಅವರ ಕ್ಯಾಮೆರಾ ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ ಗಾಯಾಳುಗಳ ನಡುವೆ ನಿಧಾನವಾಗಿ ನಡೆಯುತ್ತದೆ. ಒಂದು ಮಗುವಿನ ಮುಂದೆ ವಿಕಿರಣಮಾಪಕವನ್ನು ಹಿಡಿದ ವೈದ್ಯ ಮಾತಿಲ್ಲದೆ ತಲೆಯಲ್ಲಾಡಿಸುತ್ತಾನೆ. ಯಾವ ಕಾಳಗದ ದೃಶ್ಯ ಇದಕ್ಕೆ ಸಾಟಿ?

ಇದನ್ನು ನೋಡಿದವರು ಮೊದಲ ಸ್ಥಾನವನ್ನು ಬೇರೆ ಚಿತ್ರಕ್ಕೆ ಹೇಗೆ ಕೊಟ್ಟರು ಎಂದು ವಿಚಾರಿಸಿದೆ. ಅಂದು ಪ್ರದರ್ಶನಗೊಂಡದ್ದು ಮೂಲಚಿತ್ರವೇ ಅಲ್ಲ, 1956ರ ಅಮೆರಿಕನ್ ಆವೃತ್ತಿ ಎಂಬುದು ಆಮೇಲೆ ತಿಳಿಯಿತು. ಸುಮಾರು 96 ನಿಮಿಷಗಳ ಚಿತ್ರವನ್ನು 80ಕ್ಕೆ ಇಳಿಸಿ, ರೇಮಂಡ್ ಬರ್ ಎಂಬ ನಟನನ್ನು ಅಮೆರಿಕನ್ ಪತ್ರಕರ್ತನನ್ನಾಗಿ ನಡುವೆ ತುರುಕಿದ ಪ್ರತಿ ಅದು. ನಾಗಸಾಕಿಯಿಂದ ಬದುಕಿ ಬಂದವಳು ರೈಲಿನಲ್ಲಿ ಆಡುವ ಕಹಿಮಾತು ಅದರಲ್ಲಿಲ್ಲ. ಬಾಂಬ್ ಪರೀಕ್ಷೆಯೇ ಕಾರಣವೆಂಬ ಸತ್ಯವನ್ನು ಜನರಿಂದ ಮುಚ್ಚಿಡಬೇಕೇ ಬೇಡವೇ ಎಂದು ಸಂಸತ್ತಿನಲ್ಲಿ ನಡೆಯುವ ವಾಗ್ಯುದ್ಧದ ಕಾವು ಅದರಲ್ಲಿಲ್ಲ. ಪರೀಕ್ಷೆಗಳು ಮುಂದುವರಿದರೆ ಇನ್ನೊಂದು ಗೊಜಿರಾ ಎದ್ದು ಬಂದೀತೆಂಬ ಮುದಿ ವಿಜ್ಞಾನಿಯ ಅಂತ್ಯದ ಎಚ್ಚರಿಕೆಯನ್ನೂ ತೆಗೆದು, ಲೋಕಕ್ಕಿನ್ನು ಭಯವಿಲ್ಲವೆಂಬ ಸಮಾಧಾನವನ್ನು ಹೊಲಿದು ಕಳಿಸಲಾಯಿತು. ಬಾಂಬ್ ಹಾಕಿದವರೇ ಬಾಂಬಿನ ಕಥೆಯನ್ನು ತಿದ್ದಿ ಜಗತ್ತಿಗೆ ಹಂಚಿದರು. ಈ ಕತ್ತರಿಯ ಕೆಲಸಕ್ಕೆ ಇನ್ನೊಂದು ಅಧ್ಯಾಯವೂ ಇದೆ. 1998ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಹಾಲಿವುಡ್ಡಿನ 'ಗಾಡ್ಜಿಲ್ಲಾ'ದಲ್ಲಿ ಪ್ರಾಣಿಯ ಹುಟ್ಟಿಗೆ ಕಾರಣ ಫ್ರಾನ್ಸಿನ ಪರೀಕ್ಷೆಗಳು! ಅದೇ ತಿಂಗಳ 11 ಮತ್ತು 13ರಂದು ಪೋಖ್ರಾಣದಲ್ಲಿ ನಾವೂ ಬಾಂಬುಗಳನ್ನು ಸ್ಫೋಟಿಸಿ ಬೀದಿಯಲ್ಲಿ ಮಿಠಾಯಿ ಹಂಚಿದೆವು.

ಎತ್ತರದ ವಿಚಾರವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 1954ರಲ್ಲಿ ಗೊಜಿರಾ 50 ಮೀಟರ್ ಇತ್ತು. 1984ರಲ್ಲಿ ಅದನ್ನು 80 ಮೀಟರಿಗೆ ಏರಿಸಿದರು, 1991ರಲ್ಲಿ 100ಕ್ಕೆ. ಟೋಕಿಯೋದ ಕಟ್ಟಡಗಳು ಬೆಳೆದಾಗ ಪ್ರಾಣಿ ಗಿಡ್ಡವಾಗಿ ಕಾಣಬಾರದಲ್ಲ! ಬಿಲ್ಡರುಗಳ ಕಟ್ಟಡಕ್ಕೆ ತಕ್ಕಂತೆ ಬೆಳೆಯುವ ದೈತ್ಯನ ಉದ್ದವನ್ನು ಗುಣವೆಂದು ಕರೆಯುವ ವಿಮರ್ಶೆಗೆ ನರಿಮನ್ ಪಾಯಿಂಟ್ ವಿಮರ್ಶೆ ಎಂದು ಹೆಸರಿಡಬಹುದು.

ಎರಡನೆಯ ಸ್ಥಾನವನ್ನು ನಾನು ಕೊಡುವುದು ಅವರು ಕೊನೆಗೆ ತಳ್ಳಿದ 'ಹೆಡೋರಾ'ಕ್ಕೆ. ಇದಕ್ಕೆ ಪಂಡಿತರೂ ಸಿಟ್ಟಾಗುತ್ತಾರೆಂದು ಬಲ್ಲೆ. 1978ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಸಾರ್ವಕಾಲಿಕ 50 ಅತಿ ಕೆಟ್ಟ ಚಿತ್ರಗಳ ಪುಸ್ತಕದಲ್ಲಿ ಈ ಚಿತ್ರಕ್ಕೂ ಜಾಗ ಸಿಕ್ಕಿತ್ತು. ಅದರಲ್ಲಿ ದೋಷಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಬಾಯಿಯ ಬೆಂಕಿಯನ್ನೇ ಇಂಧನ ಮಾಡಿಕೊಂಡು ಗಾಡ್ಜಿಲ್ಲಾ ಹಿಮ್ಮುಖವಾಗಿ ಆಕಾಶದಲ್ಲಿ ಹಾರುವ ದೃಶ್ಯಕ್ಕೆ ನಾನೂ ನಕ್ಕಿದ್ದೇನೆ. ಆದರೆ ಯೋಶಿಮಿತ್ಸು ಬಾನ್ನೋ ಎಂಬ ನಿರ್ದೇಶಕ ಮಾಡಿದ್ದೇನು ನೋಡಿ. ಮಿನಾಮಾತಾದ ಪಾದರಸ, ಯೊಕ್ಕಾಇಚಿಯ ಉಬ್ಬಸ, ಕಾರ್ಖಾನೆಗಳ ಕೆಸರು ತುಂಬಿದ ಕೊಲ್ಲಿಗಳು ಇವುಗಳಿಂದ ನರಳುತ್ತಿದ್ದ ದೇಶದ ಮುಂದೆ ಆತ ಕೊಳಚೆಯಿಂದಲೇ ಹುಟ್ಟಿದ ಪ್ರಾಣಿಯನ್ನು ನಿಲ್ಲಿಸಿದ. ಜಪಾನೀ ಭಾಷೆಯಲ್ಲಿ 'ಹೆದೋರೊ' ಎಂದರೆ ರಾಡಿ. ಆ ಪ್ರಾಣಿ ಚಿಮಣಿಗಳ ಮೇಲೆ ಕುಳಿತು ಹೊಗೆಯನ್ನು ಹುಕ್ಕಾದಂತೆ ಸೇದುತ್ತದೆ. ಅದು ಮೇಲೆ ಹಾರಿಹೋದಾಗ ಶಾಲೆಯ ಅಂಗಳದಲ್ಲಿ ಕವಾಯತು ಮಾಡುತ್ತಿದ್ದ ಹುಡುಗಿಯರು ಕುಸಿದು ಬೀಳುತ್ತಾರೆ. ಭೋಪಾಲದ ಆ ರಾತ್ರಿ ಬಂದದ್ದು ಇದಾಗಿ ಹದಿಮೂರು ವರ್ಷಗಳ ಮೇಲೆ, 1984ರ ಡಿಸೆಂಬರಿನಲ್ಲಿ.

ಚೆಂಬೂರಿನ ಓದುಗರಿಗೆ ಇದನ್ನು ವಿವರಿಸಬೇಕೇ? ತಮ್ಮ ಊರನ್ನು 'ಗ್ಯಾಸ್ ಚೇಂಬರ್' ಎಂದು ಕರೆದು ತಾವೇ ನಕ್ಕುಕೊಂಡ ಜನ ಅವರು. ಮಾಹುಲಿನ ತೈಲ ಶುದ್ಧೀಕರಣ ಕೇಂದ್ರಗಳ ಜ್ವಾಲೆ, ದೇವನಾರದ ಕಸದ ಗುಡ್ಡ, 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಹತ್ತಿದಾಗ ಮುಚ್ಚಿದ ಶಾಲೆಗಳು ಅವರ ನಿತ್ಯದ ಭೂಗೋಳ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಾವು ಒಂದು ನದಿಯೆಂಬುದನ್ನೇ ಮರೆತಿದ್ದ ಮೀಠಿ, ಪ್ಲಾಸ್ಟಿಕ್ಕನ್ನೂ ರಾಡಿಯನ್ನೂ ಹೊತ್ತು ಎದ್ದು ಮನೆಗಳೊಳಗೆ ನುಗ್ಗಿತು. ಹೆಡೋರಾ ನಮ್ಮ ಪಾಲಿಗೆ ಟೋಕಿಯೋದ ಕಲ್ಪನೆಯಲ್ಲ, ನೆರೆಮನೆಯದು. ಈ ಚಿತ್ರವನ್ನು ಮುಂಬಯಿಯ ಕನ್ನಡಿಗರೇ ಕಡೆಯದೆಂದು ತೀರ್ಪಿತ್ತದ್ದು ನನಗೆ ಅರಗಲಾರದ ತುತ್ತು.

ಮೂರನೆಯದು 1956ರ 'ರೋಡಾನ್'. ಹಾರುವ ದೈತ್ಯನಿಗಿಂತ ಮುಂಚೆ ಅದರಲ್ಲಿ ಕಾಣಿಸಿಕೊಳ್ಳುವುದು ಕ್ಯೂಶೂವಿನ ಕಲ್ಲಿದ್ದಲ ಗಣಿ, ಅದರೊಳಗೆ ಸಾಯುವ ಕಾರ್ಮಿಕರು, ಕಾಣೆಯಾದ ಗಣಿಗಾರನ ಮೇಲೆಯೇ ಕೊಲೆಯ ಅಪವಾದ ಹೊರಿಸುವ ಊರು. ಕೋಲಾರದ ಚಿನ್ನದ ಗಣಿಯ ಆಳವನ್ನು ಕೇಳಿಬಲ್ಲವರು, 1982ರ ಮುಷ್ಕರದಲ್ಲಿ ಗಿರಣಿ ಕಳೆದುಕೊಂಡ ಪರಳ್‌ನ ಮನೆಗಳಿಗೆ ಹೋಗಿಬಂದವರು ಆ ಮೊದಲ ಅರ್ಧ ಗಂಟೆಯನ್ನು ಮರೆಯಲಾರರು. 1961ರ 'ಮೋತ್ರಾ' ಇದರ ಹಿಂದೆಯೇ ಬರುತ್ತದೆ. ಬಾಂಬ್ ಪರೀಕ್ಷೆ ನಡೆದ ದ್ವೀಪದಿಂದ ಪುಟಾಣಿ ಅವಳಿ ಹೆಣ್ಣುಗಳನ್ನು ಕದ್ದು ರಂಗದ ಮೇಲೆ ಹಣಕ್ಕೆ ಹಾಡಿಸುವ ವ್ಯಾಪಾರಿಯ ಕಥೆ ವಸಾಹತುಶಾಹಿಯ ಮೇಲಿನ ಒಳ್ಳೆಯ ವಿಡಂಬನೆ. ಅವನ ದೇಶಕ್ಕೆ ರಷ್ಯಾ ಅಮೆರಿಕಗಳನ್ನು ಬೆರೆಸಿ 'ರೋಲಿಸಿಕಾ' ಎಂದು ಹೆಸರಿಟ್ಟದ್ದು ಜಾಣತನ. ಆದರೆ ದ್ವೀಪವಾಸಿಗಳನ್ನು ತೋರಿಸಲು ಜಪಾನೀ ನಟರ ಮೈಗೆ ಕಂದುಬಣ್ಣ ಬಳಿದದ್ದು ವಸಾಹತುಶಾಹಿಯನ್ನು ಹಂಗಿಸುವವರಲ್ಲೂ ಅದು ಉಳಿದಿತ್ತೆಂಬುದಕ್ಕೆ ಸಾಕ್ಷಿ. ಅದಕ್ಕೇ ನಾಲ್ಕನೆಯದು.

ಉಳಿದವನ್ನು ಬೇಗ ದಾಟುತ್ತೇನೆ. 'ಕಿಂಗ್‌ಕಾಂಗ್ ವರ್ಸಸ್ ಗಾಡ್ಜಿಲ್ಲಾ'ಕ್ಕೆ ಜಪಾನಿನಲ್ಲಿ ಒಂದು ಕೋಟಿಗೂ ಹೆಚ್ಚು ಟಿಕೇಟು ಮಾರಾಟವಾಗಿತ್ತು. ಟೆಲಿವಿಷನ್ ಜಾಹೀರಾತಿಗಾಗಿ ದೈತ್ಯನನ್ನು ಹುಡುಕಿ ತರಿಸುವ ಔಷಧ ಕಂಪನಿಯ ಪ್ರಹಸನ ಅದರ ಕುಸ್ತಿಗಿಂತ ಚುರುಕಾಗಿದೆ. ಮೊದಲ ಸ್ಥಾನ ಪಡೆದ ಹನ್ನೊಂದು ದೈತ್ಯರ ಚಿತ್ರ ಜಾತ್ರೆ. ಜಾತ್ರೆಗೆ ಹೋಗಬೇಕು, ಬತ್ತಾಸು ತಿನ್ನಬೇಕು, ಮನೆಗೆ ಬರಬೇಕು. 1965ರಿಂದ ಬಂದ 'ಗಾಮೆರಾ' ಮಕ್ಕಳದು, ಅವರಿಂದ ಅದನ್ನು ಕಸಿಯುವ ಇರಾದೆ ನನಗಿಲ್ಲ.

ಮನರಂಜನೆಯಲ್ಲೂ ರಾಜಕಾರಣ ಹುಡುಕುವ ಮುದುಕ ಎಂದು ಒಬ್ಬ ತರುಣ ನನ್ನನ್ನು ಮೂದಲಿಸಿದ. ಕಸುಬನ್ನು ನಾನು ಹಗುರವಾಗಿ ಕಾಣುವವನಲ್ಲ. ಸುಮಾರು ನೂರು ಕಿಲೋ ತೂಗುವ ರಬ್ಬರಿನ ಕವಚದೊಳಗೆ ಬೆವರಿದ ಹರುವೊ ನಕಾಜಿಮಾ, ಗೊಂಬೆನಗರವನ್ನು ಕಟ್ಟಿ ಕೆಡವಿದ ಐಜಿ ತ್ಸುಬುರಾಯಾ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ದೊಡ್ಡ ಪಿಟೀಲಿನ ತಂತಿಯನ್ನು ಉಜ್ಜಿ ಆ ಗರ್ಜನೆಯನ್ನು ಹೊರಡಿಸಿದ ಅಕಿರಾ ಇಫುಕುಬೆ, ಇವರೆಲ್ಲ ನಮ್ಮ ಯಕ್ಷಗಾನದ ಬಣ್ಣದ ವೇಷದವರಂತೆ ನಮಸ್ಕಾರಕ್ಕೆ ಅರ್ಹರು. ಆದರೆ ಕಿರೀಟದ ಎತ್ತರ ನೋಡಿ ಬಣ್ಣದ ವೇಷಕ್ಕೆ ಅಂಕ ಕೊಡುವವನನ್ನು ನಾವು ರಸಿಕನೆಂದು ಕರೆಯುತ್ತೇವೆಯೇ?

ಇನ್ನು 'ಗೊಗೋಲಾ'. ಬಲವಂತ ದವೆ ನಿರ್ದೇಶಿಸಿ, ಆಜಾದ್ ಮತ್ತು ತಬಸ್ಸುಮ್ ನಟಿಸಿದ ಆ ಚಿತ್ರದಲ್ಲಿ ಸಮುದ್ರದಿಂದ ಎದ್ದ ದೈತ್ಯ ಮುಂಬಯಿಯ ಮೇಲೆ ಬೀಳುತ್ತದೆ. ರಾಯ್-ಫ್ರಾಂಕ್ ಜೋಡಿಯ ಸಂಗೀತದಲ್ಲಿ ತಲತ್ ಮಹಮೂದ್ ಮತ್ತು ಮುಬಾರಕ್ ಬೇಗಂ ಹಾಡಿದ ಯುಗಳಗೀತೆ ಈಗಲೂ ಕೇಳಸಿಗುತ್ತದೆ. ಚಿತ್ರ ಮಾತ್ರ ಕಳೆದುಹೋಗಿದೆ. ನೋಡದ ಚಿತ್ರಕ್ಕೆ ಕೊನೆಯ ಸ್ಥಾನ ಕೊಟ್ಟು ನಗುವ ಹಕ್ಕು ಕನ್ನಡಿಗರಿಗಂತೂ ಇಲ್ಲ. ನಮ್ಮ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನಾ'ದ ಒಂದು ಪ್ರತಿಯನ್ನೂ ಉಳಿಸಿಕೊಳ್ಳಲಾಗದವರು ನಾವು.

ಆ ಚಿತ್ರದ ಕಾಲವನ್ನು ಗಮನಿಸಿ. ಟ್ರಾಂಬೆಯ 'ಅಪ್ಸರಾ' ಅಣುಸ್ಥಾವರ ಚಾಲನೆಗೊಂಡದ್ದು 1956ರ ಆಗಸ್ಟಿನಲ್ಲಿ, 'ಸೈರಸ್' 1960ರಲ್ಲಿ. 1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಎಲಿಫೆಂಟಾಕ್ಕೆ ಹೋಗುವ ದೋಣಿಯಿಂದ ಸೈರಸ್‌ನ ಗುಮ್ಮಟ ಎಲ್ಲರಿಗೂ ಕಾಣುತ್ತಿತ್ತು. 1974ರ ಮೇ 18ರ ಸ್ಫೋಟಕ್ಕೆ ಪ್ಲುಟೋನಿಯಂ ಬಂದದ್ದು ಅಲ್ಲಿಂದಲೇ. ಆ ತಂಡದ ಮುಂಚೂಣಿಯಲ್ಲಿದ್ದ ರಾಜಾ ರಾಮಣ್ಣ ತುಮಕೂರಿನವರೆಂದು ನಾವು ಹೆಮ್ಮೆಪಟ್ಟೆವು; ಪಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಕೈಗಾ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭಾ ಚುನಾವಣೆಗೆ ನಿಂತಾಗ ಅವರ ಕಾದಂಬರಿಗಳನ್ನು ಪೂಜಿಸುತ್ತಿದ್ದವರೇ ಅದನ್ನು ಅಜ್ಜನ ಹಠವೆಂದು ನಕ್ಕುಬಿಟ್ಟರು. 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದಲ್ಲಿದ್ದ ಕೈಗಾದ ಗುಮ್ಮಟದ ಒಳಭಾಗ ಕುಸಿಯಿತು. ಸಂಸತ್ತಿನಲ್ಲಿ ಸತ್ಯವನ್ನು ಹೊರಗೆ ಹೇಳಿರೆಂದು ಕೂಗುವ 'ಗೊಜಿರಾ'ದ ಆ ಹೆಂಗಸರ ದೃಶ್ಯ ನೋಡುವಾಗಲೆಲ್ಲ ನನಗೆ ಕಾರಂತರ ನೆನಪಾಗುತ್ತದೆ.

ಆದ್ದರಿಂದ ಯುವ ಮಿತ್ರರಲ್ಲಿ ನನ್ನ ಬೇಡಿಕೆ ಎರಡು. ಮುಂದಿನ ಸರಣಿಯಲ್ಲಿ 1954ರ ಮೂಲಪ್ರತಿಯನ್ನೇ, ಜಪಾನೀ ಮಾತುಗಳೊಂದಿಗೆ, ಕನ್ನಡದ ವಿವರಣೆ ಕೊಟ್ಟು ತೋರಿಸಿ; ಚೀಟಿಯನ್ನು ಆಮೇಲೆ ಹಂಚಿ. 'ಗೊಗೋಲಾ'ದ ಹೆಸರನ್ನು ಪಟ್ಟಿಯಿಂದ ಅಳಿಸಿ, ಚಿತ್ರ ಸಿಗುವವರೆಗೆ. ಆ ಕಾಲದಲ್ಲಿ ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ರಜೆಯ ದಿನ ಅಗ್ಗದ ಟಿಕೇಟಿಗೆ ಸಾಲು ನಿಲ್ಲುತ್ತಿದ್ದ ಹುಡುಗರಲ್ಲಿ ಹಲವರು ಇಂದು ಎಪ್ಪತ್ತು ದಾಟಿ ಡೊಂಬಿವಲಿ, ಮುಲುಂಡ್, ಮೀರಾರೋಡುಗಳಲ್ಲಿ ಈ ಪತ್ರಿಕೆಯ ಓದುಗರಾಗಿದ್ದಾರೆ. ಅವರಲ್ಲಿ ಯಾರಾದರೂ 'ಗೊಗೋಲಾ'ವನ್ನು ನೋಡಿದ್ದರೆ, ಆ ಪ್ರಾಣಿ ಸಮುದ್ರದಿಂದ ಏಕೆ ಎದ್ದು ಬಂತೆಂದು ಚಿತ್ರದಲ್ಲಿ ಹೇಳಿದ್ದರು ಎಂಬುದು ನೆನಪಿದ್ದರೆ, ದಯವಿಟ್ಟು ಸಂಪಾದಕರಿಗೆ ಒಂದು ಕಾಗದ ಬರೆಯಿರಿ.